ಹೊಟ್ಟೆ ಕಾಣದ ಮೂರು ತಿಂಗಳ ನಿದ್ದೆ

ಕಲಬುರಗಿ ಸೀಮೆಯಲ್ಲಿ ಬಸುರಿಯ ಆರೈಕೆ ಶುರುವಾಗುವುದು ಹೊಟ್ಟೆ ಕಂಡ ಮೇಲೆ. ಐದರಲ್ಲೋ ಏಳರಲ್ಲೋ ಕುಬಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುತ್ತಾರೆ. ತವರಿನವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಚೊಚ್ಚಲಾದರೆ ತವರಿಗೆ ಕರೆದೊಯ್ಯುತ್ತಾರೆ. ಆಗಿನಿಂದ ‘ಕೊಡ ಎತ್ತಬ್ಯಾಡವ್ವ’, ‘ಹೋಗು, ಸ್ವಲ್ಪ ಮಲಕೋ’ ಅನ್ನಲು ಮನೆ ತುಂಬ ಜನ. ಆದರೆ ಹೆಣ್ಣಿನ ಮೈ ಮೊದಲು ದಣಿಯುವುದು, ರಾತ್ರಿಯ ನಿದ್ದೆ ಮೊದಲು ಕೆಡುವುದು ಮುಟ್ಟು ನಿಂತ ಮೊದಲ ಮೂರು ತಿಂಗಳಲ್ಲಿ. ಆ ಮೂರು ತಿಂಗಳು ಸುದ್ದಿ ಹೊರಗೆ ಬಿಡಬಾರದು, ದೃಷ್ಟಿಯಾಗುತ್ತದೆ ಎಂಬ ನಂಬಿಕೆ ಬೇರೆ ಇದೆ. ಹಾಗಾಗಿ ಜೇವರ್ಗಿ, ಆಳಂದ, ಅಫಜಲಪುರದ ಯಾವುದೇ ಹಳ್ಳಿಯಲ್ಲಾಗಲಿ, ಎರಡು ತಿಂಗಳ ಬಸುರಿ ಎಂದಿನಂತೆ ನಸುಕಿನಲ್ಲೇ ಎದ್ದು ಇಡೀ ಮನೆಗೆ ರೊಟ್ಟಿ ಬಡಿಯುತ್ತಾಳೆ. ಬುತ್ತಿ ಕಟ್ಟಿಕೊಂಡು ಹತ್ತಿ ಬಿಡಿಸಲೋ ತೊಗರಿ ಕೊಯ್ಯಲೋ ಹೊಲಕ್ಕೆ ಹೋಗುತ್ತಾಳೆ. ರಾತ್ರಿ ಎಲ್ಲರೂ ಉಂಡ ಮೇಲೆ ಉಂಡು, ಎಲ್ಲರೂ ಮಲಗಿದ ಮೇಲೆ ಮಲಗುತ್ತಾಳೆ. ಮಲಗಿದರೆ ನಿದ್ದೆ ಬರುವುದಿಲ್ಲ.

‘ಹಗಲೆಲ್ಲ ಕಣ್ಣು ಎಳೀತಾವ್ರಿ, ರಾತ್ರಿ ಹಾಸಿಗಿಗಿ ಹೋದ್ರ ನಿದ್ದಿನೇ ಹತ್ತಲ್ಲ’ ಎಂದು ಹೇಳುವ ಹೆಣ್ಣುಮಗಳಿಗೆ ‘ಇದೆಲ್ಲ ಬಸಿರಾದಾಗ ಇರೂದೇ’ ಎಂಬ ಉತ್ತರ ಸಿಗುತ್ತದೆ. ಇರುವುದು ನಿಜ. ಆದರೆ ಸಹಿಸಿಕೊಂಡು ಕೂರಬೇಕಾಗಿಲ್ಲ. ಇದಕ್ಕೆ ಬೇಕಾದ ಮದ್ದಿನ ಬಹುಪಾಲು ಮೆಡಿಕಲ್ ಅಂಗಡಿಯಲ್ಲಿಲ್ಲ, ಮನೆಯಲ್ಲಿದೆ: ಬೆಳಿಗ್ಗೆ ಮೊದಲು ಯಾರು ಏಳುತ್ತಾರೆ, ನೀರು ಯಾರು ತುಂಬುತ್ತಾರೆ, ಬಸುರಿ ಎಷ್ಟು ಹೊತ್ತಿಗೆ ಉಣ್ಣುತ್ತಾಳೆ, ಎಲ್ಲಿ ಮಲಗುತ್ತಾಳೆ ಎಂಬುದರಲ್ಲಿ. ಹೊಟ್ಟೆ ಕಾಣುವ ತನಕ ಕಾಯದೆ, ಮುಟ್ಟು ನಿಂತ ವಾರದಿಂದಲೇ ಇವನ್ನು ಬದಲಿಸಿಕೊಳ್ಳಬೇಕು ಎಂಬುದೇ ಈ ಲೇಖನದ ಒಟ್ಟು ಒತ್ತಾಯ.

ಹಗಲು ತೂಕಡಿಕೆ, ರಾತ್ರಿ ಎಚ್ಚರ

ಗರ್ಭ ನಿಂತ ಕೂಡಲೇ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರತೊಡಗುತ್ತದೆ. ಗರ್ಭವನ್ನು ಹಿಡಿದು ನಿಲ್ಲಿಸುವುದು ಅದರ ಕೆಲಸ. ಅದೇ ಹಾರ್ಮೋನು ಮಂಪರನ್ನೂ ತರುತ್ತದೆ, ಮೈಯ ಕಾವನ್ನು ಸ್ವಲ್ಪ ಏರಿಸುತ್ತದೆ, ಜಠರದ ಬಾಯಿಯ ಬಿಗಿಯನ್ನು ಸಡಿಲಿಸುತ್ತದೆ. ಮಂಪರಿನಿಂದ ಹಗಲು ತೂಕಡಿಕೆ. ಕಾವಿನಿಂದ ರಾತ್ರಿ ಸೆಕೆ, ಚಡಪಡಿಕೆ. ಜಠರದ ಬಾಯಿ ಸಡಿಲವಾದ್ದರಿಂದ ಮಲಗಿದಾಗ ಹುಳಿ ಮೇಲೆ ಬಂದು ಎದೆ ಉರಿ. ಇದರ ಜೊತೆಗೆ ಮೂತ್ರಪಿಂಡಗಳು ರಕ್ತ ಸೋಸುವ ಪ್ರಮಾಣ ಮೊದಲ ಮೂರು ತಿಂಗಳು ಮುಗಿಯುವಷ್ಟರಲ್ಲೇ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಕೂಸು ಇನ್ನೂ ಹೆಬ್ಬೆರಳಿನಷ್ಟಿರುವಾಗಲೇ ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳಬೇಕಾಗುವುದು ಇದೇ ಕಾರಣಕ್ಕೆ. ಎದೆ ತುಂಬಿ ನೋಯುವುದರಿಂದ ಬೋರಲು ಮಲಗುವ ರೂಢಿಯವರಿಗೆ ಇನ್ನಷ್ಟು ಕಷ್ಟ.

ವಾಂತಿ, ಹೊಟ್ಟೆ ತೊಳಸುವುದು ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ಹತ್ತಿಕೊಂಡು, ಒಂಬತ್ತನೇ ವಾರದ ಆಸುಪಾಸು ಜೋರಾಗಿ, ಹೆಚ್ಚಿನವರಿಗೆ ಹದಿನಾರನೇ ವಾರದೊಳಗೆ ತಗ್ಗುತ್ತದೆ. ವಾರಗಳನ್ನು ಎಣಿಸುವುದು ಕಡೆಯ ಮುಟ್ಟಿನ ಮೊದಲ ದಿನದಿಂದ. ನಿದ್ದೆಗೇಡಿಗೂ ಬಹುಮಟ್ಟಿಗೆ ಇದೇ ಅವಧಿ. ನಾಲ್ಕನೇ ತಿಂಗಳಿಂದ ಆರನೇ ತಿಂಗಳ ತನಕ ಹೆಚ್ಚಿನ ಹೆಂಗಸರು ಕೊಂಚ ಚೆನ್ನಾಗಿ ಮಲಗುತ್ತಾರೆ.

ಇಲ್ಲೊಂದು ಭಯವನ್ನು ಕಳೆಯಬೇಕು. ನಾಲ್ಕಾರು ರಾತ್ರಿ ಸರಿಯಾಗಿ ನಿದ್ದೆ ಬರದಿದ್ದರೆ ಒಳಗಿನ ಕೂಸಿಗೆ ಕೇಡಾಗುವುದಿಲ್ಲ. ಗರ್ಭಪಾತಗಳಲ್ಲಿ ಬಹುಪಾಲು ಆಗುವುದು ಭ್ರೂಣದ ವರ್ಣತಂತುಗಳ ಏರುಪೇರಿನಿಂದ, ತಾಯಿ ಎಚ್ಚರವಿದ್ದಳು ಎಂಬ ಕಾರಣಕ್ಕಲ್ಲ. ಎಚ್ಚರವಾಗಿದ್ದೇನಲ್ಲ ಎಂದು ಕತ್ತಲಲ್ಲಿ ಹೆದರುತ್ತಾ ಬಿದ್ದುಕೊಂಡರೆ ಬರುವ ನಿದ್ದೆಯೂ ದೂರ ಹೋಗುತ್ತದೆ.

ಎಡಕ್ಕೇ ಮಲಗಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ಮೊದಲ ತಿಂಗಳುಗಳಲ್ಲಿ ಬೇಕಿಲ್ಲ. ಅಮೆರಿಕದಲ್ಲಿ 8,700ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂವತ್ತನೇ ವಾರದ ತನಕ ಅಂಗಾತ ಮಲಗಿದವರಿಗೂ ಮಗ್ಗುಲಾಗಿ ಮಲಗಿದವರಿಗೂ ತೊಂದರೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. 28 ವಾರ ತುಂಬಿದ ಮೇಲೆ ಅಂಗಾತ ಬಿಟ್ಟು ಎಡಕ್ಕೋ ಬಲಕ್ಕೋ ಮಗ್ಗುಲಾಗಿ ಮಲಗಿ ಎಂದು ವೈದ್ಯರು ಹೇಳುತ್ತಾರೆ. ಈಗ ಹಿತವೆನಿಸಿದ ಹಾಗೆ ಮಲಗಿ. ಸೊಂಟ ನೋಯುತ್ತಿದ್ದರೆ ಹಳೆಯ ಕೌದಿಯನ್ನು ಮಡಚಿ ಮೊಣಕಾಲುಗಳ ನಡುವೆ ಇಟ್ಟುಕೊಳ್ಳಿ.

ಕಾದ ಮಾಳಿಗೆಯ ಕೆಳಗೆ

ನಿದ್ದೆಯ ಬಗ್ಗೆ ಬರುವ ಸಲಹೆಗಳಲ್ಲಿ ‘ಕೋಣೆ ತಂಪಾಗಿರಲಿ’ ಎಂಬ ಮಾತು ಇದ್ದೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲು 42 ಡಿಗ್ರಿ ದಾಟುವ ನಾಡಿನಲ್ಲಿ ಆ ಮಾತು ಹೇಳಿ ಮುಂದೆ ಹೋದರೆ ಪ್ರಯೋಜನವಿಲ್ಲ. ಈ ಬಿಸಿಲಿಗೆ ಹೆದರಿಯೇ ಬೇಸಿಗೆಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆಸುತ್ತಾ ಬಂದಿದ್ದಾರೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೇ ಈ ರಿಯಾಯಿತಿ ಬೇಕಾದರೆ, ಒಲೆಯ ಮುಂದೆ ಕೂರುವ ಬಸುರಿಗೆ ಅದು ಇನ್ನೂ ಮೊದಲು ಬೇಕು. ರೊಟ್ಟಿ, ಪಲ್ಯದ ಕೆಲಸ ಬಿಸಿಲೇರುವ ಮೊದಲು ಮುಗಿಯಲಿ. ರಾತ್ರಿಗೂ ಸೇರಿಸಿ ಬೆಳಿಗ್ಗೆಯೇ ರೊಟ್ಟಿ ಬಡಿದಿಟ್ಟರೆ ಸಂಜೆ ಒಲೆಯ ಮುಂದಿನ ಒಂದು ತಾಸು ಉಳಿಯುತ್ತದೆ. ಜೋಳದ ರೊಟ್ಟಿ ಆರಿದ್ದಕ್ಕೆ ಕೆಡುವ ಅಡುಗೆಯಲ್ಲ. ಮಧ್ಯಾಹ್ನ 12ರಿಂದ 4ರ ತನಕ ಹೊಲದ ಕೆಲಸ ಬೇಡ.

ನಮ್ಮ ಫರ್ಶಿಯ ಮನೆಗಳ ಗುಣವನ್ನು ಅರಿತು ಮಲಗುವ ಜಾಗ ಆರಿಸಬೇಕು. ದಪ್ಪ ಗೋಡೆ, ಮೇಲೆ ಮಣ್ಣು ಇಲ್ಲವೆ ಫರ್ಶಿ ಹಾಸಿದ ಮಾಳಿಗೆ ಹಗಲಿನಲ್ಲಿ ತಂಪು. ಆದರೆ ದಿನವಿಡೀ ಕುಡಿದ ಬಿಸಿಲನ್ನು ರಾತ್ರಿ ಬಹಳ ಹೊತ್ತಿನ ತನಕ ಒಳಗೆ ಬಿಡುತ್ತಲೇ ಇರುತ್ತದೆ. ತಗಡಿನ ಶೆಡ್ಡಿನದು ತಿರುವುಮುರುವು: ಹಗಲು ಸುಡುತ್ತದೆ, ಕತ್ತಲಾದ ಮೇಲೆ ಬೇಗ ಆರುತ್ತದೆ. ಮಾಳಿಗೆ ಮನೆಯಲ್ಲಿ ಇರುವವರು ಸಂಜೆ ಮೇಲೆ ನೀರು ಚಿಮುಕಿಸಿದರೆ ಒಳಗಿನ ಕಾವು ಬೇಗ ಇಳಿಯುತ್ತದೆ. ಬೇಸಿಗೆಗೆ ಮೊದಲು ಮಾಳಿಗೆಗೆ ಸುಣ್ಣ ಬಳಿದರೆ ಬಿಸಿಲು ಹೀರುವುದೇ ಕಡಿಮೆಯಾಗುತ್ತದೆ. ಖರ್ಚು ಸಣ್ಣದು, ಫಲ ದೊಡ್ಡದು. ಆದರೆ ಆ ನೀರಿನ ಬಕೆಟು ಬಸುರಿಯ ಕೈಗೆ ಬರಬಾರದು. ಮಾಳಿಗೆಯ ಮೇಲೆ ಬಯಲಿನಲ್ಲಿ ಮಲಗುವ ನಮ್ಮ ಹಳೆಯ ರೂಢಿ ಗಾಳಿಗೆ ಒಳ್ಳೆಯದೇ. ಆದರೆ ಮೊದಲ ತಿಂಗಳುಗಳಲ್ಲಿ ರಕ್ತದೊತ್ತಡ ಕೊಂಚ ಇಳಿಯುವುದರಿಂದ ಎದ್ದು ನಿಂತಾಗ ತಲೆ ಸುತ್ತಬಹುದು. ರಾತ್ರಿ ಎರಡು ಸಲ ಮೂತ್ರಕ್ಕೆಂದು ಕತ್ತಲಲ್ಲಿ ನಿಚ್ಚಣಿಕೆ ಇಳಿಯಬೇಕಾದವಳಿಗೆ ಮಾಳಿಗೆ ಬೇಡ. ಅಂಗಳದಲ್ಲಿ ಮಂಚ ಹಾಕಿ, ಸೊಳ್ಳೆ ಪರದೆ ಕಟ್ಟಿ, ಜೊತೆಗೆ ಇನ್ನೊಬ್ಬರು ಮಲಗಿದರೆ ಸಾಕು.

ಕೂಲರ್ ಇದ್ದ ಮನೆಯಲ್ಲಿ ಒಂದೆರಡು ಎಚ್ಚರಿಕೆ. ಕಿಟಕಿ ತೆರೆದಿಟ್ಟು ಹಚ್ಚಬೇಕು, ಮುಚ್ಚಿದ ಕೋಣೆಯಲ್ಲಿ ಬರೀ ತೇವ ಏರಿ ಮೈ ಅಂಟುತ್ತದೆ. ವಾರಕ್ಕೊಮ್ಮೆ ತೊಟ್ಟಿಯ ನೀರು ಚೆಲ್ಲಿ, ಒರೆಸಿ, ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ನೀರು ತುಂಬುವಾಗ ಪ್ಲಗ್ಗು ಕಿತ್ತಿರಲಿ. ಬೇಸಿಗೆಯಲ್ಲಿ ಕೂಲರ್ ಮುಟ್ಟಿ ಕರೆಂಟು ಹೊಡೆದು ಜೀವ ಹೋದ ಸುದ್ದಿ ನಮಗೆ ಹೊಸದಲ್ಲ. ಕರೆಂಟು ಹೋದಾಗ ಒದ್ದೆ ಬಟ್ಟೆಯಿಂದ ಕುತ್ತಿಗೆ, ಕಂಕುಳು, ಪಾದ ಒರೆಸಿಕೊಳ್ಳಿ. ಮಲಗುವ ಒಂದು ತಾಸು ಮೊದಲು ಉಗುರುಬೆಚ್ಚನೆಯ ನೀರು ಮೈಮೇಲೆ ಹಾಕಿಕೊಂಡರೆ, ಆಮೇಲೆ ಮೈ ತಣಿಯುತ್ತಾ ಹೋಗಿ ನಿದ್ದೆಗೆ ದಾರಿಯಾಗುತ್ತದೆ.

ಸೆಕೆ ಬೇರೆ, ಜ್ವರ ಬೇರೆ. ಕೂಸಿನ ಮಿದುಳು ಮತ್ತು ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರದೊಳಗೆ. ಮೈ 39 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುವುದು ಆ ದಿನಗಳಲ್ಲಿ ಒಳ್ಳೆಯದಲ್ಲ. ಜ್ವರ ಬಂದರೆ ಬಿಸಿಲಿನ ಮೇಲೆ ಹೊರೆಸದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಬಚ್ಚಲಿಗೆ ಹೋಗುವ ದಾರಿ

ರಾತ್ರಿ ಮೂತ್ರಕ್ಕೆ ಏಳುವುದನ್ನು ತಪ್ಪಿಸಲು ಎಷ್ಟೋ ಹೆಂಗಸರು ಹೊತ್ತು ಮುಳುಗಿದ ಮೇಲೆ ನೀರು ಮುಟ್ಟುವುದಿಲ್ಲ. ಶೌಚಾಲಯ ಮನೆಯಿಂದ ದೂರ ಇದ್ದರೆ, ಇಲ್ಲವೇ ಇಲ್ಲದಿದ್ದರೆ, ನಾಯಿ, ಹಾವು, ಚೇಳಿನ ಭಯ, ಕತ್ತಲಲ್ಲಿ ಮನುಷ್ಯರ ಭಯ. ಇದಕ್ಕೆ ಅವಳನ್ನು ದೂರುವ ಹಾಗಿಲ್ಲ. ಆದರೆ ನಮ್ಮ ಬೇಸಿಗೆಯಲ್ಲಿ ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ, ಸೋಂಕು ಶುರುವಾಗುತ್ತದೆ. ಸೋಂಕು ಬಂದರೆ ಮತ್ತೆ ಮತ್ತೆ ಏಳಬೇಕು, ನಿದ್ದೆ ಇನ್ನೂ ಕೆಡುತ್ತದೆ. ಬಸುರಿಯ ಮೂತ್ರದ ಸೋಂಕನ್ನು ಹಾಗೇ ಬಿಟ್ಟರೆ ಮೂತ್ರಪಿಂಡಕ್ಕೆ ಏರಬಹುದು.

ನೀರಿನ ಒಟ್ಟು ಲೆಕ್ಕ ಕಡಿಮೆ ಮಾಡಬೇಡಿ, ಹೊತ್ತು ಬದಲಿಸಿ. ಬೆಳಿಗ್ಗೆಯಿಂದ ಸಂಜೆ ಆರರ ತನಕ ನೀರು, ಮಜ್ಜಿಗೆ, ಅಂಬಲಿ ಧಾರಾಳವಾಗಿ ಕುಡಿಯಿರಿ. ಆಮೇಲೆ ನೀರಡಿಕೆಗೆ ತಕ್ಕಷ್ಟು ಗುಟುಕು ಸಾಕು. ಮಲಗುವ ಮೊದಲು ಒಂದು ಸಲ ಹೋಗಿಬಂದು, ಐದು ನಿಮಿಷ ಬಿಟ್ಟು ಇನ್ನೊಂದು ಸಲ ಹೋಗಿ. ಮನೆಯವರು ಮಾಡಬೇಕಾದದ್ದು: ಹಾಸಿಗೆಯಿಂದ ಬಚ್ಚಲಿನ ತನಕ ದಾರಿ ತೆರವಾಗಿರಲಿ, ಕೈಗೆಟಕುವಲ್ಲಿ ಟಾರ್ಚು ಇರಲಿ. ಹೊರಗೆ ಹೋಗಬೇಕಾದ ಮನೆಯಲ್ಲಿ ರಾತ್ರಿಯ ಮಟ್ಟಿಗೆ ಬಚ್ಚಲಿನಲ್ಲೇ ಅನುಕೂಲ ಮಾಡಿಕೊಡಿ. ಎದ್ದಾಗ ದೊಡ್ಡ ದೀಪ ಹಚ್ಚುವುದು, ಮೊಬೈಲು ಕೈಗೆ ತೆಗೆದುಕೊಳ್ಳುವುದು ಎರಡೂ ಬೇಡ. ಒಂದು ರೀಲ್ಸ್ ನೋಡೋಣ ಎಂದು ತೆರೆದದ್ದು ಅರ್ಧ ತಾಸು ನುಂಗುತ್ತದೆ.

ಪಕ್ಕದಲ್ಲೊಂದು ಕಡಕ್ ರೊಟ್ಟಿ

ಹೊಟ್ಟೆ ತೀರ ಖಾಲಿಯಾದರೆ ತೊಳಸುವುದು ಜೋರಾಗುತ್ತದೆ. ನಸುಕಿನ ನಾಲ್ಕಕ್ಕೆ ಎಚ್ಚರವಾಗಿ ಓಕರಿಕೆ ಬರುವವರಿಗೆ, ಏಳುವ ಮೊದಲೇ ಒಣಗಿದ್ದನ್ನು ಸ್ವಲ್ಪ ತಿಂದು ಹತ್ತು ಹದಿನೈದು ನಿಮಿಷ ಬಿಟ್ಟು ಏಳಿ ಎಂದು ವೈದ್ಯರು ಹೇಳುತ್ತಾರೆ. ನಮ್ಮ ಕಡೆ ಇದಕ್ಕಾಗಿ ಪೇಟೆಯ ಬಿಸ್ಕತ್ತು ಹುಡುಕಬೇಕಿಲ್ಲ. ಎರಡು ತುಂಡು ಕಡಕ್ ರೊಟ್ಟಿ, ಒಂದು ಹಿಡಿ ಪುಟಾಣಿ, ಜೋಳದ ಅಳ್ಳು, ಯಾವುದಾದರೂ ಒಂದನ್ನು ಡಬ್ಬಿಯಲ್ಲಿ ಹಾಕಿ ದಿಂಬಿನ ಪಕ್ಕ ಇಟ್ಟುಕೊಳ್ಳಿ. ಒಗ್ಗರಣೆಯ ವಾಸನೆಗೇ ವಾಂತಿ ಬರುವ ದಿನಗಳಿವು. ಆ ಕೆಲಸ ಬೇರೆಯವರು ಮಾಡಲಿ.

ರಾತ್ರಿ ಊಟ ಮಲಗುವ ಎರಡು ಮೂರು ತಾಸು ಮೊದಲೇ ಮುಗಿಯಬೇಕು. ಗಂಡಸರು ಉಂಡ ಮೇಲೆ, ಅತ್ತೆ ಮಾವ ಉಂಡ ಮೇಲೆ, ಹತ್ತು ಗಂಟೆಗೆ ಉಂಡು ಹತ್ತೂವರೆಗೆ ಅಡ್ಡಾಗುವವಳಿಗೆ ಎದೆ ಉರಿ ಬರದೆ ಇನ್ನೇನು ಬರುತ್ತದೆ? ಬಸುರಿ ಮೊದಲ ಪಂಕ್ತಿಯಲ್ಲೇ ಉಣ್ಣಲಿ. ಸಂಜೆಯ ಸುಸಲಾ ಮಿರ್ಚಿ ಭಜಿ, ರಾತ್ರಿಯ ಹಸಿಮೆಣಸಿನ ಹಿಂಡಿ, ಖಾರಬ್ಯಾಳಿ ಈ ಮೂರು ತಿಂಗಳು ಹಗಲಿನ ಊಟಕ್ಕೆ ಹೋಗಲಿ. ರಾತ್ರಿಗೆ ಮೊಸರನ್ನ, ಜೋಳದ ನುಚ್ಚು ಮಜ್ಜಿಗೆ, ಖಾರವಿಲ್ಲದ ತೊಗರಿಬ್ಯಾಳಿ ಅನ್ನ ಹಗುರ. ಎದೆ ಉರಿ ಬಿಡದಿದ್ದರೆ ಹಾಸಿಗೆಯ ತಲೆಯ ಕಡೆ ಕೌದಿ ಮಡಚಿ ಹಾಕಿ ಭುಜದಿಂದ ಮೇಲೆ ಎತ್ತರ ಮಾಡಿ. ಬರೀ ತಲೆಗೆ ಎರಡು ದಿಂಬು ಇಟ್ಟರೆ ಕುತ್ತಿಗೆ ನೋಯುತ್ತದೆ, ಹುಳಿ ನಿಲ್ಲುವುದಿಲ್ಲ.

ಚಹಾದ ಮಾತು ಬಿಡುವಂತಿಲ್ಲ. ಹೊಲಕ್ಕೆ ಹೋಗುವ ಮುಂಚೆ, ಬಂದ ಮೇಲೆ, ನೆಂಟರು ಬಂದಾಗ ಎಂದು ದಿನಕ್ಕೆ ಐದಾರು ಕಪ್ಪು ಸಲೀಸಾಗಿ ಆಗಿಬಿಡುತ್ತದೆ. ಬಸುರಿಗೆ ಕೆಫೀನು ದಿನಕ್ಕೆ 200 ಮಿಲಿಗ್ರಾಂ ದಾಟಬಾರದು ಎಂಬುದು ಹೆಚ್ಚಿನ ಪ್ರಸೂತಿ ತಜ್ಞರ ಮಿತಿ. ಒಂದು ಕಪ್ಪಿನ ಚಹಾದಲ್ಲಿ ಸುಮಾರು 30–65 ಮಿಲಿಗ್ರಾಂ ಇರುತ್ತದೆ. ಬಸಿರಿನ ದಿನಗಳು ಏರಿದಂತೆ ದೇಹಕ್ಕೆ ಕೆಫೀನನ್ನು ಹೊರಹಾಕಲು ಹೆಚ್ಚು ಹೊತ್ತು ಬೇಕಾಗುತ್ತದೆ. ಎರಡು ಕಪ್ಪಿಗೆ ನಿಲ್ಲಿಸಿ, ಎರಡನೆಯದು ಮಧ್ಯಾಹ್ನ ಎರಡರೊಳಗೆ ಮುಗಿಯಲಿ. ಊಟದ ಬೆನ್ನಿಗೇ ಕುಡಿದ ಚಹಾ ಉಂಡದ್ದರಲ್ಲಿರುವ ಕಬ್ಬಿಣವನ್ನು ದೇಹಕ್ಕೆ ಸರಿಯಾಗಿ ಹತ್ತಗೊಡುವುದಿಲ್ಲ. ನಡುವೆ ಒಂದು ತಾಸು ಬಿಡಿ.

ಒಬ್ಬರಿಗಾದರೂ ಹೇಳಿ

ಇಲ್ಲಿಯ ತನಕ ಹೇಳಿದ್ದರಲ್ಲಿ ಅರ್ಧವನ್ನು ಬಸುರಿ ತಾನೊಬ್ಬಳೇ ಮಾಡಿಕೊಳ್ಳಲಾರಳು. ಬೇಗ ಉಣ್ಣಲು, ತಡವಾಗಿ ಏಳಲು, ಒಲೆಯಿಂದ ದೂರ ಇರಲು ಮನೆಯವರ ಒಪ್ಪಿಗೆ ಬೇಕು. ವಿಷಯವೇ ಗೊತ್ತಿಲ್ಲದವರು ಹೇಗೆ ಒಪ್ಪುತ್ತಾರೆ? ಊರಿಗೆಲ್ಲ ಸಾರಬೇಕಿಲ್ಲ. ಗಂಡನಿಗೆ, ಅತ್ತೆಗೆ, ನೆಗೆಣ್ಣಿಗೆ, ಯಾರ ಮೇಲೆ ಭರವಸೆ ಇದೆಯೋ ಅವರೊಬ್ಬರಿಗೆ ಮುಟ್ಟು ತಪ್ಪಿದ ವಾರದಲ್ಲೇ ಹೇಳಿ. ಜೊತೆಗೆ ಆಶಾ ಅಕ್ಕನಿಗೆ ಹೇಳಿ. ‘ನಿಶ್ಚಯ್’ ಎಂಬ ಮೂತ್ರ ಪರೀಕ್ಷೆಯ ಕಿಟ್ ಅವರ ಬಳಿ ಉಚಿತವಾಗಿ ಸಿಗುತ್ತದೆ. ಹನ್ನೆರಡು ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿಕೊಂಡರೆ ರಕ್ತ, ಮೂತ್ರ, ರಕ್ತದೊತ್ತಡದ ಮೊದಲ ತಪಾಸಣೆ ಆಗುತ್ತದೆ, ಫೋಲಿಕ್ ಆಮ್ಲದ ಮಾತ್ರೆ ಸಿಗುತ್ತದೆ. ಇನ್ನೊಂದು ಲಾಭವೂ ಇದೆ: ‘ರಾತ್ರಿ ಎಂಟು ತಾಸು, ಮಧ್ಯಾಹ್ನ ಒಂದೀಟು ಮಲಗಾಕ ಬಿಡ್ರಿ’ ಎಂದು ಸೊಸೆ ಹೇಳಿದರೆ ಸೋಮಾರಿತನ ಅನ್ನಿಸಿಕೊಳ್ಳುವ ಮಾತು, ಆಶಾ ಅಕ್ಕನೋ ಆಸ್ಪತ್ರೆಯ ಸಿಸ್ಟರೋ ಹೇಳಿದರೆ ಔಷಧದ ಚೀಟಿಯಷ್ಟೇ ತೂಕ ಪಡೆಯುತ್ತದೆ. ಅವರಿಂದಲೇ ಹೇಳಿಸಿ.

ಅತ್ತೆಯರಿಗೆ ಒಂದು ಬಿನ್ನಹ. ‘ನಾವೂ ನಾಕು ಹಡದೀವಿ, ಒಂಬತ್ತು ತಿಂಗಳು ತುಂಬೂತನಕ ಹೊಲಕ್ಕ ಹೋಗೀವಿ’ ಎಂಬುದು ಸುಳ್ಳಲ್ಲ. ಆ ಕಷ್ಟ ನಿಮಗೆ ಯಾರೂ ಕಡಿಮೆ ಮಾಡಲಿಲ್ಲ. ಅದರ ನೆನಪು ನಿಮ್ಮ ಮೈಗೆ ಇನ್ನೂ ಇದೆ. ಅದನ್ನು ಸೊಸೆಗೆ ದಾಟಿಸದೆ ಇರುವ ಅಧಿಕಾರ ಈಗ ಮನೆಯಲ್ಲಿ ನಿಮ್ಮೊಬ್ಬರ ಕೈಯಲ್ಲೇ ಇದೆ.

ಗಂಡನ ಪಾಲಿಗೆ ಬರುವ ಕೆಲಸಗಳು ಮಾತಿನವಲ್ಲ, ಕೈಯವು. ನೀರು ತುಂಬುವುದು, ಮಾಳಿಗೆಗೆ ನೀರು ಹಾಕುವುದು, ಎಮ್ಮೆಗೆ ಮೇವು ಹಾಕುವುದು. ಮನೆಯಲ್ಲಿ ಮೊದಲ ಮಗು ಸಣ್ಣದಿದ್ದರೆ ರಾತ್ರಿ ಅದು ಅತ್ತಾಗ ಏಳುವುದು. ಮಗುವನ್ನು ಅಜ್ಜಿಯ ಮಗ್ಗುಲಿಗೆ ಮಲಗಿಸುವ ರೂಢಿಯನ್ನು ಈಗಲೇ ಮಾಡಿದರೆ ಮುಂದೆ ಬಾಣಂತನಕ್ಕೂ ಅನುಕೂಲ. ರಾತ್ರಿ ಆಕೆಗೆ ಬೇಡವೆನಿಸಿದಾಗ ಅವಳ ಮೈಯನ್ನು ಅವಳಿಗೆ ಬಿಟ್ಟುಕೊಡುವುದೂ ಇದರಲ್ಲಿ ಸೇರಿದೆ.

ಮಧ್ಯಾಹ್ನದ ನಿದ್ದೆಗೆ ಅಳತೆ ಇರಲಿ. ಮೂರು ಗಂಟೆಯೊಳಗೆ ಅರ್ಧ ತಾಸು ಮಲಗಿದರೆ ದಣಿವು ಇಳಿಯುತ್ತದೆ, ರಾತ್ರಿಯ ನಿದ್ದೆಯೂ ಉಳಿಯುತ್ತದೆ. ಸಂಜೆ ಐದರ ತನಕ ಮಲಗಿದರೆ ರಾತ್ರಿ ಹನ್ನೆರಡಾದರೂ ಕಣ್ಣು ಮುಚ್ಚುವುದಿಲ್ಲ. ಅಂಗನವಾಡಿಯಲ್ಲಿ ಬಸುರಿಯರಿಗೆ, ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ರಾಜ್ಯದಲ್ಲಿ 2017ರಲ್ಲಿ ಬಂತು. ಅಲ್ಲಿ ಹೋಗಿ ಉಂಡು, ಬಂದು ಅರ್ಧ ತಾಸು ಅಡ್ಡಾಗುವುದನ್ನೇ ದಿನದ ಕಟ್ಟಳೆ ಮಾಡಿಕೊಳ್ಳಬಹುದು.

ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿಗೆ ಗುಳೆ ಹೋಗುವ ಮನೆಗಳ ಪಾಡು ಬೇರೆಯೇ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ತಂಪು, ಕತ್ತಲು, ಮೌನ ಮೂರೂ ಇರುವುದಿಲ್ಲ. ಅಲ್ಲಿ ಅತಿಮುಖ್ಯವಾದದ್ದು ತಾಯಿ ಕಾರ್ಡ್ ಜೊತೆಗಿರುವುದು. ಅದನ್ನು ಹಿಡಿದು ಹತ್ತಿರದ ಯಾವ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದರೂ ತಪಾಸಣೆ ಮಾಡಬೇಕು. ಸಿಮೆಂಟು ಚೀಲ, ಇಟ್ಟಿಗೆ ಹೊರುವ ಕೆಲಸ ಬದಲಿಸಿಕೊಡುವಂತೆ ಮೇಸ್ತ್ರಿಗೆ ಗಂಡನೇ ಹೇಳಲಿ.

ನಿದ್ದೆ ಮಾತ್ರೆ ಮುಟ್ಟಬೇಡಿ

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ದೆಯ ಔಷಧ ‘ಕಾಂಟರ್ಗಾನ್’ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ವೈದ್ಯರ ಚೀಟಿ ಬೇಕಿರಲಿಲ್ಲ, ಅಪಾಯವಿಲ್ಲ ಎಂದು ಜಾಹೀರಾತು ಹೇಳುತ್ತಿತ್ತು. ನಿದ್ದೆ ಬಾರದ, ವಾಂತಿಯಿಂದ ಬಳಲುವ ಬಸುರಿಯರು ನಂಬಿ ತೆಗೆದುಕೊಂಡರು. ಕೈಕಾಲು ಬೆಳೆಯದ ಕೂಸುಗಳು ಹುಟ್ಟತೊಡಗಿದವು. ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಜ್ ಎಚ್ಚರಿಸಿದ ಮೇಲೆ, 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಅದನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಕೇಡಾಗಿತ್ತು ಎಂದು ಅಂದಾಜು. ಅಮೆರಿಕದಲ್ಲಿ ಔಷಧ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿಣಿ, ಸುರಕ್ಷೆಯ ಪುರಾವೆ ಸಾಲದು ಎಂದು ಪಟ್ಟು ಹಿಡಿದು ಅನುಮತಿ ಕೊಡದ್ದರಿಂದ ಆ ದೇಶ ಬಹುಮಟ್ಟಿಗೆ ಪಾರಾಯಿತು. ಈ ಔಷಧ ಕೆಡುಕು ಮಾಡುತ್ತಿದ್ದುದು ಗರ್ಭ ನಿಂತ ಸುಮಾರು 20ರಿಂದ 36ನೇ ದಿನದೊಳಗೆ. ‘ಮುಟ್ಟು ಯಾಕೋ ತಡ ಆಗ್ಯದ’ ಎಂದು ಹೆಂಗಸು ಇನ್ನೂ ಅನುಮಾನದಲ್ಲೇ ಇರುವ ದಿನಗಳವು.

ಇಂದಿನ ನಿದ್ದೆ ಮಾತ್ರೆಗಳೆಲ್ಲ ಥಾಲಿಡೊಮೈಡ್ ಅಲ್ಲ. ಆದರೂ ಪಕ್ಕದ ಮನೆಯವರ ಪಟ್ಟಿಯಿಂದ ಮುರಿದುಕೊಂಡ ಆಲ್‌ಪ್ರಜೋಲಮ್, ಮಂಪರು ತರುತ್ತದೆಂದು ಕುಡಿದ ಕೆಮ್ಮಿನ ಸಿರಪ್ಪು, ಅಂಗಡಿಯವರು ಕೊಟ್ಟ ಹೆಸರಿಲ್ಲದ ಮಾತ್ರೆ ಯಾವುದೂ ಈ ದಿನಗಳಿಗಲ್ಲ. ವಾಂತಿ ಜೋರಾಗಿದ್ದರೆ ಡಾಕ್ಸಿಲಮೈನ್ ಮತ್ತು ಬಿ6 ಜೀವಸತ್ವ ಸೇರಿದ ಮಾತ್ರೆಯನ್ನು ವೈದ್ಯರು ಬರೆದುಕೊಡುವುದುಂಟು. ಬಹುಕಾಲದಿಂದ ಬಳಕೆಯಲ್ಲಿರುವ ಆ ಮಾತ್ರೆ ವಾಂತಿ ತಗ್ಗಿಸಿ, ನಿದ್ದೆಗೂ ನೆರವಾಗುತ್ತದೆ. ಅದನ್ನೂ ಅವರು ಹೇಳಿದಷ್ಟೇ ತೆಗೆದುಕೊಳ್ಳಬೇಕು. ಫಿಟ್ಸ್‌ಗೋ ಮನಸ್ಸಿನ ಕಾಯಿಲೆಗೋ ಮೊದಲಿನಿಂದ ಮಾತ್ರೆ ನುಂಗುತ್ತಿರುವವರು ಬಸಿರೆಂದು ತಿಳಿದ ಕೂಡಲೇ ತಾವಾಗಿ ನಿಲ್ಲಿಸಬಾರದು. ಒಮ್ಮೆಲೇ ಬಿಟ್ಟರೆ ಅಪಾಯ ಹೆಚ್ಚು. ಅದೇ ವಾರ ವೈದ್ಯರನ್ನು ಕಂಡು ಬದಲಿಸಿಕೊಳ್ಳಿ.

ಮನೆಮದ್ದಿನಲ್ಲೂ ಇದೇ ಎಚ್ಚರ ಬೇಕು. ನಿದ್ದೆ ಬರಲೆಂದು ದಿನವೂ ಗಸಗಸೆ ಅರೆದು ಕುಡಿಸುವುದು, ಹಾಲಿನಲ್ಲಿ ಜಾಯಿಕಾಯಿ ತೇಯ್ದು ಕೊಡುವುದು, ಅಶ್ವಗಂಧದ ಪುಡಿ ಇವು ಬಸುರಿಗೆ ಬೇಡ. ಬರೀ ಬೆಚ್ಚನೆಯ ಹಾಲು ಸಾಕು. ತಂಬಾಕು ಸುಟ್ಟು ಮಾಡಿದ ಮಿಶ್ರಿಯಿಂದ ಹಲ್ಲು ತಿಕ್ಕುವ, ಮಲಗುವ ಮೊದಲು ಬಾಯಲ್ಲಿ ಒಂದು ಚಿಟಿಕೆ ಇಟ್ಟುಕೊಳ್ಳುವ ಚಟ ಗಡಿಭಾಗದ ಹೆಂಗಸರಲ್ಲಿದೆ. ‘ಅದ್ರಿಂದ ಸಮಾಧಾನ ಆಗ್ತದ’ ಅನ್ನುತ್ತಾರೆ. ತಂಬಾಕಿನ ನಿಕೋಟಿನ್ ನಿದ್ದೆ ಓಡಿಸುವ ವಸ್ತು. ಅದು ಕೂಸಿನ ತೂಕವನ್ನೂ ತಗ್ಗಿಸುತ್ತದೆ. ದಣಿವಾರಿಸಲು ಸೇಂದಿ ಕುಡಿಯುವುದೂ ಬೇಡ. ಕಲಬೆರಕೆ ಸೇಂದಿಗೆ ಬೆರೆಸುವ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಅಮಲೇರಿಸುವ ರಾಸಾಯನಿಕ.

ಕಾಲು ಸೆಳೆತ ಮತ್ತು ರಕ್ತ

ಮಲಗಿದ ಕೂಡಲೇ ಮೀನಖಂಡದಲ್ಲಿ ಏನೋ ಹರಿದಾಡಿದ ಹಾಗಾಗಿ, ಕಾಲು ಆಡಿಸಿದರೆ ಮಾತ್ರ ಸಮಾಧಾನ ಎನಿಸುತ್ತಿದೆಯೇ? ಎದ್ದು ನಡೆದರೆ ಹೋಗಿ, ಮತ್ತೆ ಮಲಗಿದರೆ ಬರುತ್ತಿದೆಯೇ? ಹಾಗಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಈ ಚಡಪಡಿಕೆಗೂ ಕಬ್ಬಿಣದ ಕೊರತೆಗೂ ನಂಟಿದೆ. ಮಣ್ಣು, ಸುಣ್ಣದ ಉಂಡೆ, ಹಸಿ ಅಕ್ಕಿ ತಿನ್ನಬೇಕೆನಿಸುವುದು ಕೂಡ ಎಷ್ಟೋ ಸಲ ಬಯಕೆಯಲ್ಲ, ಅದೇ ಕೊರತೆಯ ಗುರುತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ ಬಸುರಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ ಕಂಡಿತು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ಗಂಭೀರ. ಸಾಮಾನ್ಯವಾಗಿ ಮೊದಲ ಮೂರು ತಿಂಗಳು ಫೋಲಿಕ್ ಆಮ್ಲ ಮಾತ್ರ ಕೊಟ್ಟು, ನಾಲ್ಕನೇ ತಿಂಗಳಿಂದ ಕಬ್ಬಿಣದ ಮಾತ್ರೆ ಶುರು ಮಾಡುತ್ತಾರೆ. ರಕ್ತ ತೀರ ಕಡಿಮೆ ಇದ್ದರೆ ವೈದ್ಯರು ಬೇರೆ ದಾರಿ ಹೇಳುತ್ತಾರೆ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಮೆಂತೆಪಲ್ಯ, ತೊಗರಿಬ್ಯಾಳಿಯ ಜೊತೆ ನಿಂಬೆಹಣ್ಣು ಹಿಂಡಿಕೊಂಡು ಉಣ್ಣಿ. ಆದರೆ ರಕ್ತ 9ಕ್ಕೆ ಇಳಿದ ಮೇಲೆ ಬರೀ ಪಲ್ಯದಿಂದ ಏರುವುದಿಲ್ಲ, ಮಾತ್ರೆ ಬೇಕೇ ಬೇಕು.

ಎದೆ ಡವಡವ ಹೊಡೆದುಕೊಳ್ಳುವುದು, ಕೈ ನಡುಗುವುದು, ಉಂಡರೂ ತೂಕ ಇಳಿಯುವುದು ನಿದ್ದೆಗೇಡಿನ ಜೊತೆ ಸೇರಿದ್ದರೆ ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ.

ಮನಸ್ಸು ಎಚ್ಚರವಿದ್ದರೆ

ಹಿಂದೊಮ್ಮೆ ಹೊಟ್ಟೆ ಇಳಿದುಹೋದವಳಿಗೆ ಈ ತಿಂಗಳುಗಳಲ್ಲಿ ಪ್ರತಿ ರಾತ್ರಿಯೂ ಭಯ. ಎರಡು ಹೆಣ್ಣು ಹಡೆದವಳಿಗೆ ಮೂರನೆಯದು ಏನೋ ಎಂಬ ಚಿಂತೆ ಮನೆಯವರೇ ಹೊರಿಸಿದ್ದು. ಕೆಟ್ಟ ಕನಸುಗಳೂ ಹೆಚ್ಚು. ನಿದ್ದೆಯಿಂದ ಮೇಲಿಂದ ಮೇಲೆ ಎಚ್ಚರವಾಗುವುದರಿಂದ ಕನಸುಗಳು ನೆನಪುಳಿಯುತ್ತವೆ. ಅವು ಅಪಶಕುನವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ತಾಯತ ಕಟ್ಟಿಸಿಕೊಂಡು ಧೈರ್ಯ ಬಂದರೆ ಆಗಲಿ, ಆದರೆ ತಪಾಸಣೆ ತಪ್ಪಿಸಬೇಡಿ.

ಹಾಸಿಗೆಯಲ್ಲಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡುತ್ತಾ ಬೀಳಬೇಡಿ. ಎದ್ದು ಗೋಡೆಗೆ ಒರಗಿ ಮಂದ ಬೆಳಕಿನಲ್ಲಿ ಕೂತು, ಬತ್ತಿ ಹೊಸೆಯುವುದೋ ಕೌದಿಗೆ ನಾಲ್ಕು ಹೊಲಿಗೆ ಹಾಕುವುದೋ, ಮನಸ್ಸಿಗೆ ಭಾರವಲ್ಲದ ಕೆಲಸ ಮಾಡಿ. ಕಣ್ಣು ಎಳೆದಾಗ ಮತ್ತೆ ಮಲಗಿ. ಒಂದೇ ಕೋಣೆಯ ಮನೆಯಲ್ಲಿ ಹಾಸಿಗೆಯ ಅಂಚಿಗೆ ಬಂದು ಕೂತರೂ ಆದೀತು. ರಾತ್ರಿ ಎಷ್ಟೇ ಕೆಟ್ಟರೂ ಬೆಳಿಗ್ಗೆ ಏಳುವ ಹೊತ್ತು ದಿನವೂ ಒಂದೇ ಇರಲಿ. ಹಾಸಿಗೆ ಅಂದರೆ ನಿದ್ದೆ ಎಂಬ ರೂಢಿ ಮೈಗೆ ಮರಳಲು ಹತ್ತು ಹದಿನೈದು ದಿನ ಬೇಕು.

ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸೆ ಇಲ್ಲದಿದ್ದರೆ, ಸಾಯಬೇಕೆಂಬ ವಿಚಾರ ಬಂದರೆ ಅದನ್ನು ನಿದ್ದೆಗೇಡು ಎಂದಷ್ಟೇ ಎಣಿಸಬೇಡಿ. ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಕರೆ ಉಚಿತ. ಮನೆಯಲ್ಲಿ ಹೊಡೆತ ಬಡಿತ ಇದ್ದು ನಿದ್ದೆ ಹೋಗಿದ್ದರೆ ಮಹಿಳಾ ಸಹಾಯವಾಣಿ 181.

ಬೆಳಗಾಗುವ ತನಕ ಕಾಯಬಾರದ ಲಕ್ಷಣಗಳಿವು: ರಕ್ತಸ್ರಾವ, ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತಡೆಯಲಾಗದ ನೋವು, ಭುಜದ ತುದಿಯಲ್ಲಿ ನೋವು, ಎಚ್ಚರ ತಪ್ಪುವುದು. ಗರ್ಭ ನಳಿಕೆಯಲ್ಲೇ ನಿಂತು ಒಡೆದರೆ ಹೀಗಾಗುತ್ತದೆ, ತಾಸುಗಳಲ್ಲಿ ಜೀವಕ್ಕೇ ಕುತ್ತು ಬರುತ್ತದೆ. 108ಕ್ಕೆ ಕರೆ ಮಾಡಿ. ದಿನವಿಡೀ ಗುಟುಕು ನೀರೂ ನಿಲ್ಲದ ವಾಂತಿ, ಮೂತ್ರ ಕಟ್ಟಿಕೊಳ್ಳುವುದು ಅಥವಾ ಕಡುಬಣ್ಣಕ್ಕೆ ತಿರುಗುವುದು, ಚಳಿಜ್ವರ, ಮೂತ್ರದಲ್ಲಿ ಉರಿ ಇದ್ದರೆ ಅದೇ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ, ಬೇಕಾದರೆ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ ಕಳಿಸುತ್ತಾರೆ. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತಾಗುವುದನ್ನು ಗಂಡ ಗಮನಿಸಿದ್ದರೆ ಮುಂದಿನ ತಪಾಸಣೆಯಲ್ಲಿ ಹೇಳಿ. ನಾಲ್ಕನೇ ತಿಂಗಳಿಗೆ ಬಿದ್ದ ಮೇಲೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರ ಉಚಿತ ತಪಾಸಣೆ ಇರುತ್ತದೆ. ಅಲ್ಲಿ ತೂಕ, ರಕ್ತ, ಬಿ.ಪಿ. ಎಲ್ಲ ಕೇಳುತ್ತಾರೆ, ನಿದ್ದೆಯನ್ನು ಕೇಳದೆ ಹೋಗಬಹುದು. ಹಾಸಿಗೆಗೆ ಹೋಗುವುದು ಎಷ್ಟಕ್ಕೆ, ನಿದ್ದೆ ಹತ್ತುವುದು ಎಷ್ಟಕ್ಕೆ, ರಾತ್ರಿ ಎಷ್ಟು ಸಲ ಎಚ್ಚರ, ಏಳುವುದು ಎಷ್ಟಕ್ಕೆ ಎಂದು ಒಂದು ವಾರದ ಲೆಕ್ಕವನ್ನು ತಾಯಿ ಕಾರ್ಡಿನ ಒಳಗೊಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗಿ, ನೀವೇ ತೋರಿಸಿ.